ಅಟ್ಟೆ ಕೊರೆದ ಸೊಸೆ, ಬಣ್ಣ ತುಂಬಿದ ಅತ್ತೆ

ಬೀದಿ ದೀಪಗಳು ಇನ್ನೂ ಆರಿಲ್ಲ. ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ, ಇಬ್ಬರು ಕೂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕಾದಷ್ಟು ಚಿಕ್ಕ ಚಪ್ಪಲಿ ರಿಪೇರಿ ಅಂಗಡಿಯ ಷಟರ್ ಅರ್ಧ ಮೇಲೆದ್ದಿದೆ. ರಾತ್ರಿಯ ಗಾಳಿ ಉದುರಿಸಿದ ಹಣ್ಣೆಲೆಗಳು ಹೊಸ್ತಿಲವರೆಗೂ ಬಂದು ಕೂತಿವೆ. ಒಳಗೆ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಚಪ್ಪಲಿಯ ಅಟ್ಟೆಗೆ ಹಾಕುವ ರಬ್ಬರಿನ ತುಂಡೊಂದನ್ನು ಎಡಗೈಯಲ್ಲಿ ಹಿಡಿದು, ಚರ್ಮ ಕೊಯ್ಯುವ ರಂಪಿಗೆಯ ತುದಿಯಿಂದ ಅದರ ಮೇಲೆ ಕೂದಲೆಳೆಯಂಥ ಗೀರುಗಳನ್ನು ಎಳೆಯುತ್ತಿದ್ದಾರೆ. ಉಸಿರು ಬಿಗಿಹಿಡಿದು ಒಂದು ಗೀರು, ಉಸಿರು ಬಿಟ್ಟು ಪುಡಿ ಊದುವುದು, ಮತ್ತೆ ಇನ್ನೊಂದು ಗೀರು.

ಕೊರೆದದ್ದು ಮುಗಿದ ಮೇಲೆ ರಬ್ಬರನ್ನು ಕಂದು ಶಾಯಿಯ ಪ್ಯಾಡಿಗೆ ಒತ್ತುತ್ತಾರೆ. ಶುಭಾಶಯದ ಕಾರ್ಡಿಗೆಂದು ಮಡಚಿದ ದಪ್ಪ ಕಾಗದದ ಮೇಲಿಟ್ಟು ಅಂಗೈಯಿಂದ ಅದುಮುತ್ತಾರೆ. ಎತ್ತಿದಾಗ ಕಾಗದದ ಮೇಲೊಂದು ಎಲೆ. ನರ, ತೊಟ್ಟು, ಹುಳ ತಿಂದ ಅಂಚು, ಎಲ್ಲವೂ ಇದೆ. ಬಣ್ಣ ಮಾತ್ರ ಇಲ್ಲ. ಬಣ್ಣ ತುಂಬುವವರು ಮೇಲಿನ ಮನೆಯಿಂದ ಊರುಗೋಲು ಕುಟ್ಟುತ್ತಾ ಮೆಟ್ಟಿಲಿಳಿದು ಬರುತ್ತಿದ್ದಾರೆ.

ಬಂದವರು ಅತ್ತೆ. ಕೂರುವ ಮುಂಚೆಯೇ ಕಾರ್ಡಿನ ಮೇಲೆ ಕಣ್ಣು ಹಾಯಿಸಿ, "ಓರೆ ಬಿದ್ದಿದೆ ಕಣೇ" ಅನ್ನುತ್ತಾರೆ.

"ಎಲೆ ಎಲ್ಲಾದ್ರೂ ನೆಟ್ಟಗೆ ಉದುರುತ್ತಾ ಅತ್ತೆ?" ಎನ್ನುತ್ತಾ ಸೊಸೆ ಸ್ಟೂಲು ಸರಿಸಿ ಜಾಗ ಮಾಡಿಕೊಡುತ್ತಾರೆ.

ಈ ಬೀದಿಯಲ್ಲಿ ಸೊಸೆಗೆ ಅಂಟಕ್ಕ ಎಂದೇ ಹೆಸರು. ಬೆರಳ ತುದಿಗಳಲ್ಲಿ ಸದಾ ಒಣಗಿದ ಅಂಟಿನ ಸಿಪ್ಪೆ ಇರುವುದರಿಂದ ಯಾರೋ ಗಿರಾಕಿ ತಮಾಷೆಗೆ ಕರೆದದ್ದು, ಅದೇ ನಿಂತಿದೆ. ಇವರ ಬಗ್ಗೆ ಬರೆಯಲು ಬಂದ ನಾನು ಬೇಸರವಿಲ್ಲವೇ ಎಂದರೆ, ಕಿತ್ತುಹೋಗುವ ಹೆಸರಿಗಿಂತ ಅಂಟಿಕೊಳ್ಳುವ ಹೆಸರೇ ವಾಸಿ ಅಲ್ಲವೇ ಎಂದು ನಗುತ್ತಾರೆ. ಎಲೆ ಉದುರುವ ಕಾಲ ಬಂತೆಂದರೆ ಇವರು ಅಂಗಡಿ ತೆರೆಯುವ ಮುಂಚೆ ಕಾರ್ಡಿನ ಕೆಲಸಕ್ಕೆ ಕೂರುತ್ತಾರೆ. ಬೆಳಗಿಗೆ ಹತ್ತೋ ಹನ್ನೆರಡೋ ಕಾರ್ಡು. ಆಮೇಲೆ ದಿನವಿಡೀ ಚಪ್ಪಲಿಯ ಕಿತ್ತ ಉಂಗುಷ್ಠ, ಸವೆದ ಹಿಮ್ಮಡಿ, ಬಾಯಿಬಿಟ್ಟ ಬೂಟು.

ಅಂಗಡಿ ಅಸಲಿಗೆ ಅತ್ತೆಯದು. ಗಂಡ ತೀರಿಕೊಂಡ ಮೇಲೆ, ಹೆಂಗಸಿನ ಕೈಗೆ ಯಾರು ಬೂಟು ಕೊಡುತ್ತಾರೆ ಎಂದು ಆಡಿಕೊಂಡವರ ಬೂಟುಗಳನ್ನೇ ಹೊಲಿದು ಕೊಟ್ಟು ಬಾಯಿ ಮುಚ್ಚಿಸಿದವರು. ಒಬ್ಬನೇ ಮಗ, ಲಾರಿ ಡ್ರೈವರ್. ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಸೊಸೆಯಾಗಿ ಬಂದಾಗ ಅಂಟಕ್ಕನಿಗೆ ದಬ್ಬಣ ಹಿಡಿಯಲೂ ಬರುತ್ತಿರಲಿಲ್ಲ. ಮೊದಲ ವರ್ಷ ಅತ್ತೆ ಅವರಿಗೆ ಕೊಟ್ಟದ್ದು ಒಂದೇ ಕೆಲಸ: ಹಳೆಯ ಮೊಳೆಗಳನ್ನು ತಟ್ಟಿ ನೆಟ್ಟಗೆ ಮಾಡುವುದು. "ಅಷ್ಟು ಮೊಳೆ ತಟ್ಟಿ ತಟ್ಟಿ ನಾನೂ ನೆಟ್ಟಗಾದೆ" ಎಂದು ಈಗ ಅವರೇ ಹೇಳಿಕೊಳ್ಳುತ್ತಾರೆ.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಬೂಟಿನ ಅಟ್ಟೆ ಹೊಲಿಯುತ್ತಿದ್ದ ಅತ್ತೆಯ ಕೈಯಿಂದ ದಬ್ಬಣ ಜಾರಿತು. ಎತ್ತಿಕೊಳ್ಳಲು ಹೋದರು, ಬೆರಳು ಮಾತು ಕೇಳಲಿಲ್ಲ. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಕಾಲು ಎಳೆಯುತ್ತಿತ್ತಾದರೂ ನಡೆಯುತ್ತಿತ್ತು. ಮಾತು ತಡವರಿಸಿದರೂ ಬೈಯಲು ಏನೂ ಅಡ್ಡಿಯಿರಲಿಲ್ಲ. ಬಲಗೈ ಮಾತ್ರ ತೊಡೆಯ ಮೇಲೆ ಯಾರೋ ಮರೆತುಬಿಟ್ಟು ಹೋದ ವಸ್ತುವಿನಂತೆ ಬಿದ್ದಿರುತ್ತಿತ್ತು.

ಕೈಗೆ ವ್ಯಾಯಾಮ ಹೇಳಿಕೊಡಲು ಆಸ್ಪತ್ರೆಯಿಂದ ತರುಣಿಯೊಬ್ಬಳು ಬರುತ್ತಿದ್ದಳು. ಚೆಂಡು ಹಿಸುಕಿಸಿದಳು, ಕಾಳು ಹೆಕ್ಕಿಸಿದಳು. ಅತ್ತೆ ಆಕೆ ಇರುವಷ್ಟು ಹೊತ್ತು ಮಾಡಿ, ಆಕೆ ಮೆಟ್ಟಿಲಿಳಿದ ಕೂಡಲೇ ಚೆಂಡನ್ನು ಮಂಚದ ಕೆಳಗೆ ಉರುಳಿಸಿಬಿಡುತ್ತಿದ್ದರು. ಕೊನೆಗೆ ಆಕೆ ಮಕ್ಕಳು ಬಣ್ಣ ತುಂಬುವ ಪುಸ್ತಕವೊಂದನ್ನೂ ಪೆನ್ಸಿಲ್ ಡಬ್ಬಿಯನ್ನೂ ತಂದಿಟ್ಟಳು. ಗೆರೆ ದಾಟದಂತೆ ಬಣ್ಣ ತುಂಬುತ್ತಾ ಹೋದರೆ ಬೆರಳಿಗೆ ಹಿಡಿತ ಬರುತ್ತದೆ ಎಂದು ವಿವರಿಸಿದಳು. ಮೊದಲ ಪುಟದಲ್ಲಿ ಟೋಪಿ ಹಾಕಿದ ಬಾತುಕೋಳಿ ಇತ್ತು.

"ಜೀವಮಾನವೆಲ್ಲ ದುಡಿದವಳು ನಾನು. ನನ್ನ ಕೈಗೆ ಬಾತುಕೋಳಿ ಕೊಡ್ತಾರಾ?" ಎಂದು ಅತ್ತೆ ಪುಸ್ತಕವನ್ನು ಎಡಗೈಯಿಂದ ಎಸೆದರು. ಅಂದಿನಿಂದ ಗೋಡೆಗೆ ಮುಖ ಮಾಡಿ ಮಲಗಲು ಶುರುಮಾಡಿದರು. ಊಟಕ್ಕೆ ಕರೆದರೆ ಹಸಿವಿಲ್ಲ, ಮಾತಿಗೆ ಕರೆದರೆ ನಿದ್ದೆ.

ಅಂಟಕ್ಕನಿಗೆ ಕೈ ಕಟ್ಟಿ ಕೂರುವ ಅಭ್ಯಾಸವಿಲ್ಲ. ಅತ್ತೆಗೆ ಬೇಸರವಿರುವುದು ಬಣ್ಣದ ಮೇಲಲ್ಲ, ಬಾತುಕೋಳಿಯ ಮೇಲೆ ಎಂಬುದು ಅವರಿಗೆ ಅರ್ಥವಾಗಿತ್ತು. ಮರುದಿನ ಅಂಗಡಿಯಲ್ಲಿ ಗಿರಾಕಿಯಿಲ್ಲದ ಹೊತ್ತಿನಲ್ಲಿ ಹೊಸ ಅಟ್ಟೆ ರಬ್ಬರಿನ ಹಾಳೆಯಿಂದ ಒಂದು ತುಂಡು ಕತ್ತರಿಸಿದರು. ಬಾಗಿಲಲ್ಲಿ ಬಿದ್ದಿದ್ದ ಹಣ್ಣೆಲೆಯೊಂದನ್ನು ಅದರ ಮೇಲಿಟ್ಟು ಸುತ್ತ ಗೀರು ಹಾಕಿ ಕೊರೆದರು. ಅಂಚು ಬೆರಳಿನಷ್ಟು ದಪ್ಪ, ನಡುವೆ ಎರಡೇ ನರ. ಚರ್ಮಕ್ಕೆ ಬಳಿಯುವ ಕಂದು ಬಣ್ಣವನ್ನೇ ಸವರಿ, ಬೂಟಿನ ಡಬ್ಬಿಯ ಬಿಳಿ ಒಳಮೈ ಕತ್ತರಿಸಿ ಅದರ ಮೇಲೆ ಒತ್ತಿದರು. ಪೆನ್ಸಿಲ್ಲುಗಳು ಅತ್ತೆಯ ಬೆರಳಿಗೆ ದಕ್ಕುವಂತಿರಲಿಲ್ಲ. ಪ್ರತಿಯೊಂದಕ್ಕೂ ಮೆತ್ತನೆಯ ಚರ್ಮದ ಪಟ್ಟಿ ಸುತ್ತಿ ಅಂಟು ಹಾಕಿ ಹೆಬ್ಬೆರಳ ಗಾತ್ರಕ್ಕೆ ತಂದರು. ಸಂಜೆ ಎಲ್ಲವನ್ನೂ ಮಂಚದ ಪಕ್ಕದಲ್ಲಿಟ್ಟು ಒಂದು ಸುಳ್ಳು ಹೇಳಿದರು. ಗಿರಾಕಿಯೊಬ್ಬರು ಶುಭಾಶಯದ ಕಾರ್ಡು ಮಾಡಿಕೊಡಲು ಹೇಳಿದ್ದಾರೆ, ಮಾತು ಕೊಟ್ಟಾಗಿದೆ, ನನಗೆ ಬಿಡುವಿಲ್ಲ, ನೀವು ಸ್ವಲ್ಪ ಕೈ ಜೋಡಿಸಿದರೆ ಮಾನ ಉಳಿಯುತ್ತದೆ ಎಂದರು.

ಅತ್ತೆ ಗೋಡೆಯಿಂದ ಹೊರಳಿ ಎದ್ದು ಕೂತರು. ಯಾವ ಬಣ್ಣ ಹೇಳಿದ್ದಾರೆ ಎಂದು ಕೇಳಿದರು.

ಮೊದಲ ಎಲೆ ಹೇಗಿತ್ತೆಂದರೆ, ಕೆಂಪು ಗೆರೆ ದಾಟಿ ಕಾಗದದ ಅಂಚಿನವರೆಗೂ ಹೋಗಿತ್ತು. ಹಳದಿ ಒಂದೆಡೆ ಒತ್ತರಿಸಿ ಬಂದರೆ ಇನ್ನೊಂದೆಡೆ ತಾಗಿಯೂ ಇರಲಿಲ್ಲ. ಒಂದು ಕಾರ್ಡು ಮುಗಿಯುವಷ್ಟರಲ್ಲಿ ಅತ್ತೆ ಬೆವೆತುಹೋದರು. ಆದರೆ ಒಪ್ಪಿಕೊಂಡ ಕೆಲಸ; ಬಿಟ್ಟೇಳುವ ಜಾಯಮಾನ ಅವರದ್ದಲ್ಲ. ಸೊಸೆ ದಿನವೂ ಮುಗಿದ ಕಾರ್ಡುಗಳನ್ನು ಗಿರಾಕಿಗೆ ಕೊಡಲೆಂದು ಕೆಳಗೆ ಒಯ್ದು ಮೊಳೆ ಡಬ್ಬಿಗಳ ಹಿಂದೆ ಅಡಗಿಸುತ್ತಿದ್ದರು. ಅತ್ತೆ ಅಷ್ಟಕ್ಕೆ ಬಿಡುತ್ತಾರೆಯೇ? ಗಿರಾಕಿ ಏನಂದರು ಎಂದು ಸಂಜೆ ವಿಚಾರಣೆ ನಡೆಯುತ್ತಿತ್ತು. ಅಂಟಕ್ಕ ಇಲ್ಲದ ಗಿರಾಕಿಯ ಬಾಯಲ್ಲಿ ಇಲ್ಲದ ಮಾತು ಆಡಿಸುತ್ತಿದ್ದರು. ಅಂಚಿನಲ್ಲಿ ಕೆಂಪು ಇನ್ನೂ ಗಾಢವಾಗಿರಲಿ ಎಂದರಂತೆ, ತೊಟ್ಟಿಗೂ ಬಣ್ಣ ಬೇಕಂತೆ. ಅಂದರೆ ಅತ್ತೆಯ ಬೆರಳು ಇನ್ನಷ್ಟು ಒತ್ತಬೇಕು, ಇನ್ನಷ್ಟು ಸಣ್ಣ ಜಾಗದಲ್ಲಿ ತಿರುಗಬೇಕು. ಎಂಥಾ ಕಿರಿಕಿರಿ ಗಿರಾಕಿ ಎಂದು ಅತ್ತೆ ಗೊಣಗುತ್ತಲೇ ಮರುದಿನ ಒತ್ತಿ ಬಣ್ಣ ಹಾಕುತ್ತಿದ್ದರು.

ಒಂದು ದಿನ ಅವಸರದಲ್ಲಿ ಮೊಳೆ ಡಬ್ಬಿ ಎಳೆದಾಗ ಕಾರ್ಡುಗಳ ಕಟ್ಟು ಜಾರಿ ಗಿರಾಕಿಯೊಬ್ಬರ ಕಾಲ ಬಳಿ ಚೆಲ್ಲಿತು. ಹಿಮ್ಮಡಿ ಹಾಕಿಸಲು ಬಂದಿದ್ದ ನರ್ಸ್ ಆಕೆ. ಬಗ್ಗಿ ಒಂದೊಂದೇ ಎತ್ತಿಕೊಟ್ಟರು, ಕೊನೆಯದನ್ನು ಕೊಡಲಿಲ್ಲ. ದೂರದಲ್ಲಿರುವ ತಂಗಿಗೆ ಕಳಿಸುತ್ತೇನೆ, ಬೆಲೆ ಹೇಳಿ ಎಂದರು. ಅಂದು ಸಂಜೆ ಮೊದಲ ಬಾರಿಗೆ ಅಂಟಕ್ಕ ಅತ್ತೆಗೆ ನಿಜವಾದ ಗಿರಾಕಿಯ ನಿಜವಾದ ಮಾತನ್ನು ತಂದು ಒಪ್ಪಿಸಿದರು; ಒಪ್ಪಿಸುವಾಗ ಹಳೆಯ ಸುಳ್ಳೂ ಹೊರಬಿತ್ತು.

ಅತ್ತೆಗೆ ಅದು ಹೊಸ ಸುದ್ದಿಯಾಗಿರಲಿಲ್ಲ. "ನನ್ನ ಗಿರಾಕಿಗಳು ನನಗೆ ಗೊತ್ತಿಲ್ವಾ? ಎಲೆ ಚಿತ್ರ ಬೇಕು ಅನ್ನೋನು ಅವರಲ್ಲಿ ಒಬ್ಬನೂ ಇಲ್ಲ" ಎಂದು ಅವರು ಈಗ ನನ್ನೆದುರು ಹೇಳುತ್ತಾರೆ. ಹಾಗಾದರೆ ಯಾಕೆ ಮಾಡಿದಿರಿ ಎಂದು ಕೇಳಿದೆ. ಕಿತ್ತಳೆ ಪೆನ್ಸಿಲನ್ನು ಕೆಳಗಿಟ್ಟರು. "ಹೊಸಾ ರಬ್ಬರ್ ಕಣಪ್ಪ ಅದು. ಒಂದು ಜೊತೆ ಬೂಟಿಗಾಗೋದು. ಅದನ್ನ ನನಗೋಸ್ಕರ ಕೊರೆದು ತಂದಿದ್ಲು. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ."

ಪಕ್ಕದಲ್ಲೇ ಇದ್ದ ಸೊಸೆ ತಲೆಯೆತ್ತದೆ ಶಾಯಿ ಪ್ಯಾಡನ್ನು ಒರೆಸುತ್ತಾರೆ. ಈ ಮಾತು ಅವರೂ ಇಂದೇ ಕೇಳುತ್ತಿರುವಂತಿದೆ.

ಆಮೇಲಿನದ್ದು ವ್ಯಾಪಾರದ ಕಥೆ. ನರ್ಸ್ ಸಹೋದ್ಯೋಗಿಗಳಿಗೆ ತೋರಿಸಿದರು, ಅವರು ಬಂದರು. ಬೂಟಿನ ಡಬ್ಬಿಯ ಜಾಗಕ್ಕೆ ದಪ್ಪ ಕಾಗದ ಬಂತು, ಚರ್ಮದ ಬಣ್ಣದ ಜಾಗಕ್ಕೆ ಶಾಯಿ ಪ್ಯಾಡು. ಒಮ್ಮೆ 'ಶುಭಾಶಯ' ಎಂದು ಅಕ್ಷರ ಕೊರೆಯಲು ಹೋಗಿ, ಒತ್ತಿದಾಗ ಎಲ್ಲವೂ ತಿರುವುಮುರುವಾಗಿ ಬಿತ್ತು. ತಗೊಂಡವರು ಕನ್ನಡಿ ಹಿಡಿದು ಓದಿಕೊಳ್ಳಲಿ ಬಿಡು ಎಂದರಂತೆ ಅತ್ತೆ. ಅಂದಿನಿಂದ ಅಕ್ಷರದ ಗೊಡವೆಗೆ ಹೋಗಿಲ್ಲ; ಕಾರ್ಡಿನ ಒಳಗೆ ಖಾಲಿ ಬಿಡುತ್ತಾರೆ, ಹೇಳುವುದು ಕಳಿಸುವವರ ಪಾಲಿಗೆ.

ಮುಖ್ಯರಸ್ತೆಯ ಸ್ಟೇಷನರಿ ಅಂಗಡಿಯ ಯಜಮಾನರು ಮೊದಲು ಮೂಗು ಮುರಿದರು. ಬಣ್ಣ ಗೆರೆಯಾಚೆ ಹೋಗಿದೆ, ಯಾರು ತೆಗೆದುಕೊಳ್ಳುತ್ತಾರೆ ಎಂಬುದು ಅವರ ವಾದ. ದಾಕ್ಷಿಣ್ಯಕ್ಕೆ ಒಂದು ಕಟ್ಟು ಇಟ್ಟುಕೊಂಡರು, ವಾರದೊಳಗೆ ಅವರೇ ಹುಡುಕಿಕೊಂಡು ಬಂದರು. ಬಣ್ಣ ಎಲೆ ಬಿಟ್ಟು ಗಾಳಿಗೆ ಹಾರಿದ ಹಾಗಿದೆ ಎಂದು ಜನ ಇಷ್ಟಪಡುತ್ತಿದ್ದಾರೆ, ಅಂಥದ್ದೇ ಇನ್ನಷ್ಟು ಬೇಕು ಎಂದರು.

ಅಷ್ಟರಲ್ಲಿ ಕಾಲ ಉರುಳಿತ್ತು, ಕೈ ಪಳಗಿತ್ತು. ಒಂದೊಂದೇ ಪೆನ್ಸಿಲಿನ ಚರ್ಮದ ಪಟ್ಟಿ ಬಿಚ್ಚಿದ್ದಾಯಿತು. ಮೊದಲು ಹಳದಿ ತೆಳುವಾಗಿ, ಅದರ ಮೇಲೆ ಕಿತ್ತಳೆ, ಅಂಚಿಗೆ ಕೆಂಪು, ನರದ ಬುಡಕ್ಕೆ ಕಂದು ಎಂದು ಅತ್ತೆ ಪದರ ಪದರವಾಗಿ ಹಾಕುವುದನ್ನು ಕಲಿತಿದ್ದರು. ಮುಂದಿನ ಎಲೆಯುದುರುವ ಕಾಲಕ್ಕೆ ಹೋದ ಕಾರ್ಡುಗಳಲ್ಲಿ ಬಣ್ಣ ಗೆರೆಯೊಳಗೇ ನಿಂತಿತ್ತು. ಯಜಮಾನರು ಕಟ್ಟು ಹಿಡಿದುಕೊಂಡು ಮೆಟ್ಟಿಲ ಕೆಳಗಿನ ಅಂಗಡಿಗೆ ಬಂದು, ಇದು ಚೆನ್ನಾಗಿದೆ, ಆದರೆ ಗಿರಾಕಿಗಳು ಹಳೆಯದನ್ನೇ ಕೇಳುತ್ತಾರೆ, ದಯವಿಟ್ಟು ಮೊದಲಿನಂತೆ ಆಚೀಚೆ ಹೋಗುವ ಹಾಗೆ ಬಣ್ಣ ಹಾಕಿಕೊಡಿ ಎಂದು ಬೇಡಿಕೊಂಡರು.

ಅಂಟಕ್ಕ ಅತ್ತೆಯ ಮುಖ ನೋಡಿದರು. ಕಾರ್ಡು ಹೋಗದಿದ್ದರೆ ಆ ಹಂಗಾಮಿನ ದುಡಿಮೆ ನೀರುಪಾಲು. ಕಾಗದವೆಲ್ಲ ತಂದಾಗಿತ್ತು.

"ಸ್ವಾಮಿ, ಅದು ಚಿತ್ರ ಅಲ್ಲ, ನಡುಕ" ಎಂದರು ಅತ್ತೆ. "ಅದನ್ನ ಓಡಿಸೋಕೆ ನಾನು ಪಟ್ಟ ಪಾಡು ನನಗೆ ಗೊತ್ತು. ಹೋದದ್ದನ್ನ ಕರೆದು ಕೂರಿಸ್ಕೊಳ್ಳೋಕಾಗಲ್ಲ. ಬೇಕಾದ್ರೆ ಇದನ್ನ ಮಾರಿ, ಬೇಡ ಅಂದ್ರೆ ಇಲ್ಲಿಟ್ಟು ಹೋಗಿ."

ಯಜಮಾನರು ಕಟ್ಟನ್ನು ಅಲ್ಲೇ ಇಟ್ಟು ಹೋದರು. ಅಂಟಕ್ಕ ಆ ವರ್ಷ ಕಾರ್ಡುಗಳನ್ನು ಅಂಗಡಿಯ ಮುಂದೆಯೇ ದಾರ ಕಟ್ಟಿ, ಅಂಟು ಒಣಗುವವರೆಗೆ ಬೂಟಿಗೆ ಹಾಕುವ ಕ್ಲಿಪ್ಪುಗಳಿಂದ ನೇತುಹಾಕಿದರು. ನಿಧಾನಕ್ಕೆ ಹೋದವು, ಆದರೆ ಹೋದವು. ಹಂಗಾಮಿನ ಕೊನೆಗೆ ಯಜಮಾನರೂ ಬಂದು ಉಳಿದದ್ದನ್ನು ಕೊಂಡೊಯ್ದರು. ಈ ವರ್ಷ ಅವರು ಮುಂಚಿತವಾಗಿಯೇ ಹೇಳಿ ಕಳಿಸಿದ್ದಾರೆ, ಗೆರೆಯ ಮಾತೆತ್ತಿಲ್ಲ.

ಬೆಳಕು ಹರಿದಿದೆ. ಬೀದಿ ಗುಡಿಸುವವರ ಪೊರಕೆಯ ಸದ್ದು ಹತ್ತಿರವಾಗುತ್ತಿದೆ. ಅತ್ತೆ ಮುಗಿಸಿದ ಕಾರ್ಡನ್ನು ತೋಳಿನಷ್ಟು ದೂರ ಹಿಡಿದು ನೋಡಿ, ಒಣ ಬಟ್ಟೆಯಿಂದ ಪೆನ್ಸಿಲಿನ ಪುಡಿ ಕೊಡವಿ, ಇನ್ನೊಂದು ಕೊಡು ಎಂದು ಕೈ ಚಾಚುತ್ತಾರೆ. ಈಗಿನ ಅಚ್ಚಿನಲ್ಲಿ ಕಿರುಬೆರಳಿನ ಉಗುರಿನಷ್ಟು ಎಲೆಗಳ ಗೊಂಚಲೇ ಇದೆ. ಅಷ್ಟು ಸಣ್ಣದರಲ್ಲೂ ಅತ್ತೆಯ ಪೆನ್ಸಿಲು ಎಲ್ಲಿಯೂ ತಡವರಿಸುವುದಿಲ್ಲ.

ಮುಂದೇನು ಆಸೆ ಎಂದು ಅಂಟಕ್ಕನನ್ನು ಕೇಳುತ್ತೇನೆ. ದೊಡ್ಡ ಅಂಗಡಿ, ಪಟ್ಟಣದಲ್ಲಿ ಪ್ರದರ್ಶನ ಎಂದೇನಾದರೂ ಹೇಳಬಹುದೆಂದು ಕಾಯುತ್ತೇನೆ. ಅವರು ರಂಪಿಗೆಯನ್ನು ಕಲ್ಲಿಗೆ ಉಜ್ಜುತ್ತಾ, ಅತ್ತೆಗೆ ಕೇಳಿಸದಷ್ಟು ಮೆಲ್ಲಗೆ ಹೇಳುತ್ತಾರೆ.

"ಮುಂದಿನ ವರ್ಷ ಹಕ್ಕಿ ಕೊರೀಬೇಕು ಅಂತಿದೀನಿ. ಒಂದೊಂದು ಗರೀನೂ ಬೇರೆ ಬೇರೆ ಕಾಣೋ ಹಾಗೆ. ಎಲೆ ಈಗ ಅವರ ಕೈಗೆ ಏನೇನೂ ಸಾಲಲ್ಲ."