ನಿಡುಗಲ್ಲಿನ ಭತ್ಯೆ, ಬಾಹ್ಯಾಕಾಶದ ಭತ್ಯೆ

ನನ್ನ ಗಂಡ ಬಸ್ ಡ್ರೈವರ್. ಸಂಜೆ ಮಧುಗಿರಿ ಬಿಟ್ಟರೆ ಪಾವಗಡದ ಮೇಲೆ ನಿಡುಗಲ್‌ಗೆ ಹೋಗಿ, ಅಲ್ಲೇ ರಾತ್ರಿ ತಂಗಿ, ಬೆಳಗಿನ ಮೊದಲ ಬಸ್ಸಾಗಿ ವಾಪಸ್. ತಂಗುವ ಬಸ್ಸಿನವರಿಗೆ ಊರಿನವರೇ ಸರದಿಯ ಮೇಲೆ ಮುದ್ದೆ, ಸಾರು ಕೊಡುತ್ತಾರೆ. ಬಸ್ಸು ತಮ್ಮೂರಲ್ಲೇ ನಿಲ್ಲಲಿ ಅನ್ನುವ ಉಪಾಯವೂ ಅದರಲ್ಲಿದೆ. ಹಾಗಾಗಿ ಊಟಕ್ಕೆಂದು ಸಿಗುವ ಭತ್ಯೆ ಖರ್ಚಾಗದೆ ಮನೆಗೆ ಬರುತ್ತಿತ್ತು. ಆ ದುಡ್ಡಿನ ಮೇಲೆ ಇವರಿಗೆ ಸಂಬಳಕ್ಕಿಂತ ಹೆಚ್ಚು ಮಮತೆ.

ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ನನಗೆ ಆ ಭತ್ಯೆ ಕಂಡರೆ ಮೈ ಉರಿಯುತ್ತಿತ್ತು. ಅತ್ತೆಯ ಮಗ್ಗುಲು ಬದಲಿಸಲು ಇಬ್ಬರು ಬೇಕು, ಇದ್ದವಳು ನಾನೊಬ್ಬಳೇ. ಹಗಲು ಡ್ಯೂಟಿ ಕೇಳಿ ಎಂದು ಎಷ್ಟು ಸಲ ಹೇಳಿದರೂ ನೋಡೋಣ ಎನ್ನುತ್ತಿದ್ದರು. ಆ 'ನೋಡೋಣ' ಕೇಳಿ ಕೇಳಿ ನನಗೆ ಸಾಕಾಗಿತ್ತು.

ಒಂದು ಬೆಳಗ್ಗೆ ಬಂದವರು ಅತ್ತೆಯ ಮಂಚದ ಪಕ್ಕ ಕೂತು ಮೊಬೈಲ್‌ನಲ್ಲಿ ಓದಿದ್ದನ್ನು ಹೇಳತೊಡಗಿದರು. ಅಮೆರಿಕದ ಗಗನಯಾತ್ರಿಗಳಿಗೆ ಎಂದಿನ ತಿಂಗಳ ಸಂಬಳವೇ ಅಂತೆ. ವಾಪಸ್ ಬರುವುದು ತಿಂಗಳುಗಟ್ಟಲೆ ತಡವಾದರೂ ಓವರ್‌ಟೈಮ್ ಇಲ್ಲ. ಊಟ, ಮಲಗುವ ಜಾಗ ಸರ್ಕಾರದ್ದೇ ಆದ್ದರಿಂದ ದಿನದ ಭತ್ಯೆ ಅಂದರೆ ಕೈಖರ್ಚಿಗೆ ಒಂದಿಷ್ಟು ಚಿಲ್ಲರೆ. "ನಮ್ಗಿಂತ ಕಮ್ಮಿ ಕಣವ್ವ" ಎಂದು ಬೀಗಿದ್ದೇ ಬೀಗಿದ್ದು. ಡ್ರೈವರುಗಳ ವಾಟ್ಸಾಪ್ ಗುಂಪಿಗೂ ಹಾಕಿದ್ದರಂತೆ. ನಿಡುಗಲ್‌ನಲ್ಲಿ ನಿಮಗೂ ಊಟ ಪುಕ್ಕಟೆ ತಾನೆ, ಹಾಗಾದರೆ ನಿಮ್ಮ ಭತ್ಯೆಗೂ ಕತ್ತರಿ ಬೀಳಲಿ ಎಂದು ಯಾರೋ ಕಾಲೆಳೆದ ಮೇಲೆ ಗಾಬರಿಯಾಗಿ ಅಳಿಸಿದರಂತೆ. ನನಗೆ ಒಳಗೊಳಗೇ ಖುಷಿ.

ಬಾಹ್ಯಾಕಾಶದಲ್ಲಿ ಮನುಷ್ಯರಿಗೆ ತೂಕವೇ ಗೊತ್ತಾಗುವುದಿಲ್ಲ, ಎಂಥವರನ್ನೂ ಒಂದು ಬೆರಳಲ್ಲಿ ತಳ್ಳಿದರೆ ಸಾಕು ಎಂದೂ ಹೇಳಿದರು. ಅತ್ತೆ ಒಮ್ಮೆ ನನ್ನ ಮುಖ ನೋಡಿ, ಮಗನನ್ನು ಕೇಳಿದರು.

"ಅಂಗಾರೆ ಅವ್ರ ಮನೇಲಿ ಇರೋರ್ಗೆ ಏನ್ ಕೊಡ್ತಾರ್ಲಾ?"

ಇವರು ಮೊಬೈಲ್ ಪಕ್ಕಕ್ಕಿಟ್ಟರು.

ಆ ವಾರವೇ ಹಗಲು ಡ್ಯೂಟಿ ಕೇಳಿಕೊಂಡರು. ಕೊರಟಗೆರೆ ಕಡೆಯ ಬಸ್ಸು ಸಿಕ್ಕಿತು. ಈಗ ಭತ್ಯೆ ಇಲ್ಲ, ನನ್ನ ಮುದ್ದೆ ನಿಡುಗಲ್‌ನವರಷ್ಟು ಚೆನ್ನಾಗಿಲ್ಲ ಎಂಬ ಗೊಣಗಾಟ ಇದೆ. ಗೊಣಗಲಿ, ನನಗೆ ಅದೂ ಹಿತವೇ.

ಮೊದಲ ದಿನ ಹೆಗಲ ಕಡೆ ಇವರು, ಕಾಲ ಕಡೆ ನಾನು ಹಿಡಿದು ಅತ್ತೆಯನ್ನು ತಿರುಗಿಸಿದೆವು.

"ಅವ್ವ ಇಷ್ಟೇನಾ ತೂಕ?" ಎಂದರು.

ಇಬ್ಬರು ಹಿಡಿದರೆ ಅಷ್ಟೇ ಎಂದೆ.