ಸೂಳಗಿರಿಯಿಂದ ಪುಣೆಯ ತೊಟ್ಟಿಲಿಗೆ

ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು ಬರೆದದ್ದು. ನಿರೂಪಣೆಯಲ್ಲಿ ದೋಷಗಳಿದ್ದರೆ ಓದುಗರು ಕ್ಷಮಿಸಬೇಕು.

ಪುಣೆಯಲ್ಲಿರುವ ಅಕ್ಕನ ಮಗಳಿಗೆ ಇಂದು ನಾಮಕರಣ. ಮನೆತನದ ಹಿರಿಯ ಹೆಂಗಸು ಕಿವಿಯಲ್ಲಿ ಉಸುರದ ಹೊರತು ಅದು ಹೆಸರೇ ಅಲ್ಲವೆಂಬುದು ನಮ್ಮವರ ನಂಬಿಕೆ. ಆದ್ದರಿಂದ ಅಜ್ಜಿಯೊಡನೆ ವಿಮಾನ ನಿಲ್ದಾಣಕ್ಕೆ ಹೊರಟಿದ್ದೆ. ಸೂಳಗಿರಿಯಲ್ಲಿ ಟೀಗೆಂದು ಕಾರು ನಿಲ್ಲಿಸಿದಾಗ, ವಿಮಾನ ರದ್ದಾಗಿದೆಯೆಂಬ ಸಂದೇಶ ಬಂತು. ಸಹಾಯವಾಣಿಯವರೊಡನೆ ನನಗೆ ಸಾಧ್ಯವಾದಷ್ಟು ಶುದ್ಧ ಇಂಗ್ಲಿಷಿನಲ್ಲಿ ವಾದಿಸಿದೆ. ನಾಳೆಯವರೆಗೆ ಸೀಟಿಲ್ಲವೆಂದು ಅವರೂ ಅಷ್ಟೇ ಶುದ್ಧವಾಗಿ ತಿಳಿಸಿದರು.

“ಬಸ್ಸು ಕೆಟ್ರೆ ನಾಲ್ಕು ಜನ ಇಳ್ದು ತಳ್ಬೋದು. ಇದುಕ್ಕೇನ್ಲಾ ಮಾಡೋದು?” ಎಂದರು ಅಜ್ಜಿ.

ಮನೆಗೆ ಮರಳಿ ಫೋನಿನಲ್ಲೇ ಉಸುರಬಹುದೆಂದು ಸೂಚಿಸಿದೆ.

“ಆರ್ತಿ ಎತ್ತುಸ್ಕೊಂಡು ಹೊಂಟ್ಬುಟ್ಟು, ಕೆಲ್ಸ ಮುಗುಸ್ದೆ ಹೆಂಗ್ಲಾ ವಾಪಸ್ ಹೋಗೋದು? ಇಲ್ಲೇ ಹೇಳ್ತೀನಿ, ಫೋನ್ ಮಾಡು.”

ಅಕ್ಕ ತನ್ನ ಫೋನನ್ನು ಮಗುವಿನ ಕಿವಿಗೆ ಹಿಡಿದಳು. ಅಕ್ಕ-ಭಾವ ಆರಿಸಿದ್ದ ‘ಇಶಾನ್ವಿ’ ಎಂಬ ಹೆಸರನ್ನು ದಾರಿಯುದ್ದಕ್ಕೂ ಅಜ್ಜಿಗೆ ಕಲಿಸಿದ್ದೆ. ಅಜ್ಜಿ ಉಸುರಲಿಲ್ಲ, ಕೂಗಿದರು:

“ಚೌಡಮ್ಮಾ! ಚೌಡಮ್ಮಾ! ಚೌಡಮ್ಮಾ!”

ಲಾರಿ ಡ್ರೈವರುಗಳು ತಿರುಗಿ ನೋಡಿದರು. ಪುಣೆಯಲ್ಲಿ ಮಗು ಚೀರಿತು.

“ಅಜ್ಜೀ, ಇಶಾನ್ವಿ ಅಲ್ವಾ?”

“ಅಷ್ಟು ದೂರ ಕೂಗುದ್ರೆ ಆ ಹೆಸ್ರು ಎಲ್ಲಿ ತಡೀತದೆ? ನಮ್ಮವ್ವನ ಹೆಸ್ರು ಗಟ್ಟಿ ಅದೆ ಕಣ್ಲಾ.”

ಕೆಲವು ತಿಂಗಳ ಬಳಿಕ ಸೇರಿಸಿದ್ದು: ಜನನ ಪ್ರಮಾಣಪತ್ರದಲ್ಲಿ ಇಶಾನ್ವಿ ಎಂದೇ ಇದೆ. ಆದರೆ ಭಾವನ ಮನೆಯವರೂ ಸೇರಿದಂತೆ ಈಗ ಎಲ್ಲರೂ ಚೌಡಮ್ಮ ಎನ್ನುತ್ತಾರೆ. ಮಗು ಆ ಹೆಸರಿಗೆ ಮಾತ್ರ ತಿರುಗಿ ನೋಡುತ್ತದೆ.