ಬಾರದ ಹಡಗಿನ ಗಡುವು

ಕಿಟಕಿಯ ಗಾಜು ಒರೆಸಲೆಂದು ಮೊನ್ನೆ ಹೊಸ ಬಾಟಲಿಯ ಮುಚ್ಚಳ ತೆಗೆದೆ. ಅಮೋನಿಯಾದ ಘಾಟು ಮೂಗಿಗೆ ಹೊಡೆದದ್ದೇ ತಡ, ಅಂಕಲ್ ನಕ್ಷೆಯ ಸುರುಳಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲಲ್ಲಿ ನಿಂತ ಹಾಗಾಯಿತು. ಆಫೀಸಿನ ಯಂತ್ರದಲ್ಲಿ ಪ್ರಿಂಟ್ ತೆಗೆದ ಆ ನಕ್ಷೆಗಳಿಗೆ ಇದೇ ವಾಸನೆ. ನನ್ನ ಒಗ್ಗರಣೆಯ ಘಮವನ್ನೂ ಅದು ನುಂಗಿಹಾಕುತ್ತಿತ್ತು.

ಸಂಬಂಧದಲ್ಲಿ ಅವರು ನಮಗೆ ಏನೂ ಆಗಬೇಕಿರಲಿಲ್ಲ. ಗಂಗೊಳ್ಳಿ ಕಡೆಯವರು, ಇಲ್ಲಿ ಪರದೇಶದಲ್ಲಿ ರಾಂಚೊ ಬರ್ನಾರ್ಡೊ ಎಂಬ ಊರಿನ ಒಂದು ಕಂಪನಿಯಲ್ಲಿ ನಕ್ಷೆ ಬರೆಯುವ ಕೆಲಸ. ಎಪ್ಪತ್ತರ ದಶಕದ ಕೊನೆಯಲ್ಲಿ, ತಿಂಗಳಿಗೊಂದು ಭಾನುವಾರ, ಎರಡೂವರೆ ಗಂಟೆ ಡ್ರೈವ್ ಮಾಡಿಕೊಂಡು ಚಾಟ್ಸ್‌ವರ್ತಿನ ನಮ್ಮ ಮನೆಗೆ ಬರುತ್ತಿದ್ದರು. ಊಟದ ಆಸೆಗಾಗಿ ಅಲ್ಲ, ಎಲ್ಫ್‌ಗಳಿಗಾಗಿ! ಚೂಪು ಕಿವಿಯ, ಸಾವಿರ ವರ್ಷ ಬದುಕುವ, ಇಂಗ್ಲಿಷ್ ಕಥೆಗಳ ಆ ಜನಕ್ಕೆ ಅವರು ಕಾಗದದ ಮೇಲೆ ಒಂದು ಬಂದರು ಪಟ್ಟಣ ಕಟ್ಟುತ್ತಿದ್ದರು. ದೀಪಸ್ತಂಭ, ಹಡಗು ನಿಲ್ಲುವ ಧಕ್ಕೆ, ಬಲೆ ಒಣಗಿಸುವ ಬಯಲು, ಎಲ್ಲವೂ ಅಳತೆಗೆ ಸರಿಯಾಗಿ. ಕಟ್ಟಡ ಬರೆಯುವುದೇನೋ ಅವರಿಗೆ ಬರುತ್ತಿತ್ತು, ಶಾಸ್ತ್ರ ಸಂಪ್ರದಾಯ ಬರುತ್ತಿರಲಿಲ್ಲ. ನನ್ನ ತಂದೆ ಮೈಸೂರಿನಲ್ಲಿ ಪುರೋಹಿತರು ಎಂದು ಬಾಯಿತಪ್ಪಿ ಹೇಳಿದ್ದೇ ನಾನು ಮಾಡಿದ ತಪ್ಪು.

"ಎಂಟುನೂರು ವರ್ಷ ಬದುಕಿದವನಿಗೆ ಷಷ್ಟಿಪೂರ್ತಿ ಎಷ್ಟು ಸಲ ಮಾಡ್ಬೇಕು, ಮಾರಾಯ್ರೆ?"

ಇಂಥ ಪ್ರಶ್ನೆಗಳು. ನನ್ನ ಯಜಮಾನರು ಹುಲ್ಲು ಕತ್ತರಿಸುವ ನೆಪದಲ್ಲಿ ಹೊರಗೆ ಪರಾರಿ. ಒಲೆಯ ಮುಂದೆ ಸಿಕ್ಕಿಬೀಳುತ್ತಿದ್ದವಳು ನಾನೊಬ್ಬಳೇ. "ಹದಿಮೂರು ಸಲ ಮಾಡಿ" ಎಂದು ಗೊಣಗಿದರೆ, ಅದನ್ನೂ ಶ್ರದ್ಧೆಯಿಂದ ಬರೆದುಕೊಂಡರು!

ಒಂದು ಭಾನುವಾರ, ಹೋದ ಹಡಗು ಬಾರದಿದ್ದರೆ ಮನೆಯವರು ಎಷ್ಟು ವರ್ಷ ಕಾಯಬೇಕು ಎಂದು ಕೇಳಿದರು. ನಮ್ಮಲ್ಲಿ ಹನ್ನೆರಡು ವರ್ಷ, ಆಮೇಲೆ ದರ್ಭೆಯಲ್ಲಿ ದೇಹದ ಆಕಾರ ಮಾಡಿ ಸುಟ್ಟು ಕರ್ಮ ಮುಗಿಸುತ್ತಾರೆ ಎಂದೆ. ಅವರು ಬರೆದುಕೊಳ್ಳಲಿಲ್ಲ. ಎಲ್ಫ್‌ಗಳಿಗೆ ಹನ್ನೆರಡು ವರ್ಷವೆಂದರೆ ಸಂತೆಗೆ ಹೋಗಿ ಬಂದಷ್ಟು ಹೊತ್ತು, ಸಾಲದು ಎಂದರು. ಮುಂದಿನ ತಿಂಗಳೂ ಅದೇ ಪ್ರಶ್ನೆ. ಅದರ ಮುಂದಿನ ತಿಂಗಳೂ... ನಾಲ್ಕನೆಯ ಸಲ ನನ್ನ ಪಲ್ಯ ತಳ ಹಿಡಿಯಿತು.

"ಎಷ್ಟು ಬೇಕೋ ಅಷ್ಟು ಕಾಯ್ಲಿ ಬಿಡಿ, ಅಂಕಲ್! ಕಾಯೋದಕ್ಕೆ ಯಾರು ಲಿಮಿಟ್ ಹಾಕಿದಾರೆ? ನನ್ನ ತಲೆ ತಿನ್ಬೇಡಿ!"

ಅವರು ಪೆನ್ಸಿಲ್ ಕೆಳಗಿಟ್ಟರು.

"ನಮ್ಮಣ್ಣ ಮಂಜಿ ಹತ್ತಿ ಹೋದವ ಬರ್ಲಿಲ್ಲ, ಅಮ್ಮಾ. ಹನ್ನೆರಡು ವರ್ಷ ಆಯ್ತು ಅಂತ ಹಿರಿಯರು ಹೇಳಿದ್ರು. ಆ ದರ್ಭೆಗೆ ಬೆಂಕಿ ಕೊಟ್ಟದ್ದು ನಾನೇ. ಅವ ಸತ್ತ ಅಂತ ಯಾರಿಗೂ ಗೊತ್ತಿರ್ಲಿಲ್ಲ. ಬರ್ಲಿಲ್ಲ ಅಂತ ಮಾತ್ರ ಗೊತ್ತಿದ್ದದ್ದು."

ಮಂಜಿ ಎಂದರೆ ಆ ಕರಾವಳಿಯ ಹಾಯಿಹಡಗು. ಇಷ್ಟು ದಿನ ಈ ಮನುಷ್ಯ ಕೇಳುತ್ತಿದ್ದದ್ದು ಎಲ್ಫ್‌ಗಳ ವಿಷಯವಲ್ಲ ಎಂದು ಆಗ ತಿಳಿಯಿತು. ನೀವು ಮಾಡಿದ್ದು ತಪ್ಪಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು, "ಅನ್ನ ಬಡಿಸ್ಲಾ, ಅಂಕಲ್?"

ಆಮೇಲೆ ಅವರ ಬರವು ಕಡಿಮೆಯಾಯಿತು. ಬೆನ್ನು ನೋವು, ಡ್ರೈವ್ ಮಾಡಲಾಗದು ಎಂದರು. ಕೆಲವು ವರ್ಷಗಳ ನಂತರ ಅವರು ತೀರಿಕೊಂಡರು. ಅವರ ಹೆಂಡತಿ ಒಂದು ಸುರುಳಿಯನ್ನು ನಮಗೆ ಅಂಚೆಯಲ್ಲಿ ಕಳಿಸಿದರು. ಎಲ್ಫ್‌ಗಳ ಸಹವಾಸವೇ ಸಾಕಾಗಿದ್ದ ನಾನು ಅದನ್ನು ಬಿಚ್ಚದೆ ಕಪಾಟಿನ ಮೇಲೆ ಎಸೆದಿದ್ದೆ.

ಮೊನ್ನೆ, ಗಾಜು ಒರೆಸುವುದನ್ನು ಅರ್ಧಕ್ಕೇ ಬಿಟ್ಟು, ಅದನ್ನು ಇಳಿಸಿ ಬಿಚ್ಚಿದೆ. ಕಾಗದದ ವಾಸನೆ ಪೂರ್ತಿ ಹೋಗಿದೆ, ನೀಲಿ ಗೆರೆಗಳೂ ಮಾಸಿವೆ. ಧಕ್ಕೆಯ ತುದಿಯಲ್ಲಿ ಒಂದು ಹಡಗಿನಷ್ಟು ಜಾಗ ಖಾಲಿ. ಪಕ್ಕದಲ್ಲಿ ಅವರ ದುಂಡು ಅಕ್ಷರ: "ಬಾರದ ಹಡಗಿಗೆ ಕಾಯಲು ಗಡುವಿಲ್ಲ. ಆಧಾರ: ಚಾಟ್ಸ್‌ವರ್ತಿನ ಅಮ್ಮನವರ ಮಾತು."

ಪುಣ್ಯಾತ್ಮ! ತಳ ಹಿಡಿದ ಪಲ್ಯದ ಸಿಟ್ಟಿನಲ್ಲಿ ಆಡಿದ ಮಾತನ್ನು ಊರಿನ ಶಾಸನ ಮಾಡಿಟ್ಟಿದ್ದಾರೆ. ನನ್ನ ತಂದೆ ಇದನ್ನು ಒಪ್ಪುತ್ತಿರಲಿಲ್ಲ. ಅದೇ ಮಾತನ್ನು ಅಂದು ಅಂಕಲ್ ಪಕ್ಕದಲ್ಲಿ ಕುಳಿತು ಮೆತ್ತಗೆ ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು... ಈಗ ಹೇಳೋಣವೆಂದರೆ ಅಂಕಲ್ ಇಲ್ಲ.